ಲುಕ್ಕಾ ನಗರದ ಮನೆಗೆಲಸದಾಕೆ ಸಂತ ಜೀಟಾ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯಿರುವ ಗರುಡಗಂಬವನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನು ತನ್ನವರೊಡನೆ ಪ್ರಾಣವನ್ನೇ ತೆತ್ತನೆಂಬುದಕ್ಕೆ ಅದು ಸಾಕ್ಷಿ. ಉಂಡ ಜೋಳದ ಋಣವನ್ನು ಆಳು ತೀರಿಸಿದ ಕಥೆ ಹೀಗೆ ಕಲ್ಲಿನಲ್ಲಿ ನಿಂತಿದೆ. ದುಡಿದವನಿಗೆ ಒಡೆಯನು ತೀರಿಸಬೇಕಾದ ಋಣಕ್ಕೆ ಕಂಬ ನೆಟ್ಟವರನ್ನು ನಾವು ಕಾಣೆವು.

ಅದೇ ಕಾಲದಲ್ಲಿ, 1212ರ ಸುಮಾರಿಗೆ, ಇಟಲಿಯ ಲುಕ್ಕಾ ನಗರದ ಸಮೀಪದ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಜೀಟಾ ಜನಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಫಾತಿನೆಲ್ಲಿ ಎಂಬ ಸಿರಿವಂತ ನೇಯ್ಗೆ ವ್ಯಾಪಾರಿಗಳ ಮನೆಯ ಊಳಿಗಕ್ಕೆ ಸೇರಿದರು. (ಆ ವಯಸ್ಸಿನ ಬಾಲಕಿಯನ್ನು ಇಂದು ಮನೆಗೆಲಸಕ್ಕೆ ಇರಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.) ನಸುಕಿಗೆ ಮುನ್ನವೇ ಎದ್ದು, ಬಲಿಪೂಜೆಯಲ್ಲಿ ಪಾಲ್ಗೊಂಡು, ಬಳಿಕ ಕೆಲಸಕ್ಕೆ ತೊಡಗುವುದು ಅವರ ರೂಢಿ. ಆ ಶ್ರದ್ಧೆಯೇ ಜೊತೆಗೆಲಸದವರ ಕಣ್ಣಿಗೆ ಮುಳ್ಳಾಯಿತು. ಚಾಡಿ, ನಿಂದೆ, ಹೊಡೆತಗಳನ್ನು ಅವರು ವರ್ಷಗಟ್ಟಲೆ ಸಹಿಸಿದರು. ಒಡೆಯರೂ ಚಾಡಿಮಾತನ್ನೇ ನಂಬಿದರು. ಬಹುಕಾಲದ ಮೇಲೆ ಅವರಿಗೆ ಸತ್ಯ ತಿಳಿದು, ಇಡೀ ಮನೆವಾರ್ತೆಯನ್ನು ಜೀಟಾರಿಗೆ ಒಪ್ಪಿಸಿದರು. ತಮ್ಮ ಪಾಲಿನ ಊಟವನ್ನು ಬಡವರಿಗೆ ಹಂಚುತ್ತಿದ್ದ ಆಕೆಯ ಮಡಿಲಿನ ರೊಟ್ಟಿ ಹೂವಾದ ಐತಿಹ್ಯವಂತೂ ಪ್ರಸಿದ್ಧವೇ.

ಜೀಟಾರ ತಾಳ್ಮೆಯನ್ನು ಕೊಂಡಾಡಿ ನಾವೂ ಪ್ರವಚನ ಮಾಡಿದ್ದುಂಟು. ಆ ಪ್ರವಚನಗಳಲ್ಲಿ ಒಂದು ಕೊರತೆಯಿತ್ತೆಂದು ಈಗ ತೋರುತ್ತದೆ. ಸೇವಕಿಯ ತಾಳ್ಮೆಯಿಂದ ಒಡೆಯನ ಅನ್ಯಾಯ ನ್ಯಾಯವಾಗದು. ದಯೆಯಾದರೋ ನ್ಯಾಯ ಸಂದ ಮೇಲಿನ ಮಾತು. ಅರಸೀಕೆರೆಯಿಂದಲೋ ಬೇಲೂರಿನಿಂದಲೋ ಬೆಂಗಳೂರಿಗೆ ಹೋಗಿ ಪರರ ಕೂಸನ್ನು ಸಲಹುವ ಹೆಣ್ಣುಮಗಳಿಗೆ ಹಬ್ಬಕ್ಕೊಂದು ಸೀರೆ ಕೊಟ್ಟರೆ ಸಂಬಳದ ಲೆಕ್ಕ ತೀರುವುದಿಲ್ಲ. ಮನೆಮಗಳಂತೆ ನೋಡಿಕೊಳ್ಳುತ್ತೇವೆ ಎನ್ನುವ ಮನೆಗಳಲ್ಲಿಯೇ ಎಷ್ಟೋ ವೇಳೆ ವಾರದ ರಜೆಯ ಮಾತು ಬರುವುದಿಲ್ಲ! ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರವು 2004ರಲ್ಲಿಯೇ ಗೊತ್ತುಪಡಿಸಿತು. ಕೆಲಸ, ಕೂಲಿ, ಬಿಡುವುಗಳ ಕರಾರನ್ನು ಮೊದಲೇ ತಿಳಿಸಬೇಕು, ಸಾಧ್ಯವಾದಲ್ಲಿ ಬರೆದುಕೊಡಬೇಕು, ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ನೀಡಬೇಕು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಡಂಬಡಿಕೆಯ ಆಶಯ. ಭಾರತ ಅದಕ್ಕೆ ಇನ್ನೂ ಸಮ್ಮತಿಯ ಮುದ್ರೆ ಒತ್ತಿಲ್ಲ. ಆದರೆ ಒಂದು ಹಾಳೆಯಲ್ಲಿ ಕರಾರು ಬರೆದುಕೊಡಲು ಯಾವ ಕುಟುಂಬವೂ ದೆಹಲಿಯ ಕಡೆ ನೋಡಬೇಕಾಗಿಲ್ಲ.

ಸುಮಾರು 48 ವರ್ಷ ಒಂದೇ ಮನೆಯಲ್ಲಿ ದುಡಿದ ಜೀಟಾ 1272ರ ಏಪ್ರಿಲ್ 27ರಂದು ನಿಧನರಾದರು. ಜಗದ್ಗುರು ಹನ್ನೆರಡನೆಯ ಇನ್ನೊಸೆಂಟರು 1696ರಲ್ಲಿ ಅವರನ್ನು ಸಂತರೆಂದು ಸಾರಿದರು. ಲುಕ್ಕಾದ ಸಂತ ಫ್ರೆದಿಯಾನೊ ದೇವಾಲಯದಲ್ಲಿ ಅವರ ಪಾರ್ಥಿವ ಶರೀರವಿದೆ. ಪ್ರತಿವರ್ಷ ಅವರ ಹಬ್ಬದ ವೇಳೆಗೆ ಆ ಊರಿನಲ್ಲಿ ಹೂವಿನ ಸಂತೆ ನೆರೆಯುತ್ತದೆ. ಫಾತಿನೆಲ್ಲಿ ಮನೆತನವನ್ನು ಲೋಕವು ನೆನೆಯುವುದು ಆಕೆಯ ಒಡೆಯರೆಂದೇ.