ಸತ್ಯಾಗ್ರಹವನ್ನು ಶಾಸ್ತ್ರವಾಗಿ ಕಂಡ ರಂಗನಾಥ ದಿವಾಕರ

ರಂಗನಾಥ ರಾಮಚಂದ್ರ ದಿವಾಕರರು 1894ರಲ್ಲಿ ಧಾರವಾಡದಲ್ಲಿ ಜನಿಸಿದರು. ಇಂಗ್ಲಿಷ್ ಕಲಿಸುತ್ತಿದ್ದ ಅವರು ಚಳವಳಿಗೆ ಇಳಿದು 1921ರಲ್ಲಿ ‘ಕರ್ಮವೀರ’ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಜುಲೈ 1ರಂದು ಧಾರವಾಡದ ಜಕಣಿಬಾವಿ ಬಳಿ, ಸೆರೆ ಅಂಗಡಿ ಮುಂದಿನ ಪಿಕೆಟಿಂಗ್ ವೇಳೆ, ಪೊಲೀಸರ ಗುಂಡಿಗೆ ಮೂವರು ಬಲಿಯಾದರು.

1942ರಲ್ಲಿ ದಿವಾಕರರು ಭೂಗತರಾಗಿ ಚಳವಳಿ ನಡೆಸಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಗುಂಡೇಟಿಗೆ ಬಲಿಯಾದರು. ಬಂದೂಕು ಹಿಡಿದ ಸರ್ಕಾರವನ್ನು ನಿರಾಯುಧ ಜನ ಎದುರಿಸುವುದು ಹೇಗೆ? ಸತ್ಯಾಗ್ರಹದ ತಂತ್ರ, ಇತಿಹಾಸ ಕುರಿತು 1946ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಇದನ್ನು ಕ್ರಮಬದ್ಧವಾಗಿ ಅಭ್ಯಸಿಸಿದರು. ಮುಂದೆ ಕೇಂದ್ರ ಸಚಿವರೂ ಬಿಹಾರದ ರಾಜ್ಯಪಾಲರೂ ಆದರು, 1990ರಲ್ಲಿ ನಿಧನರಾದರು.

ಕುಬಿಹಾಳದ ಮಕ್ಕಳಿಗೆ ಈ ಪಾಠ ಹೇಳುವಾಗ ಸತ್ಯಾಗ್ರಹ ಸುಮ್ಮನೆ ಏಟು ತಿನ್ನುವುದಲ್ಲ, ಸೈನಿಕನಂತೆ ತರಬೇತಿ, ಶಿಸ್ತು ಬೇಡುವ ವಿಧಾನ ಎಂಬುದು ಮನದಟ್ಟಾಗಬೇಕು.