ರಕ್ತದ ಗುಂಪು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್: ಒಬ್ಬ ತಾಯಿಯ ಕೃತಜ್ಞತೆ



ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಅನುವಂಶೀಯತೆಯ ಪಾಠ ಓದುವಾಗ ಎಬಿಒ ರಕ್ತದ ಗುಂಪೂ ಥಲಸ್ಸೀಮಿಯಾ ಎಂಬ ಕಾಯಿಲೆಯೂ ಬರುತ್ತವೆ. ನಾನು ವರ್ಷವರ್ಷವೂ ಆ ಪಾಠ ಮಾಡುತ್ತೇನೆ. ನನ್ನ ಮನೆಯಲ್ಲೂ ಅವೆರಡೂ ಒಟ್ಟಿಗೇ ಇವೆ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎಂಟು ತಿಂಗಳ ಮಗುವಾಗಿದ್ದಾಗ ಅವಳಿಗೆ ಥಲಸ್ಸೀಮಿಯಾ ಮೇಜರ್ ಇದೆ ಎಂದು ತಿಳಿಯಿತು. ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸುವ ಶಕ್ತಿ ಅವಳ ದೇಹಕ್ಕಿಲ್ಲ. ಸುಮಾರು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಿಸಬೇಕು. ಆಸ್ಪತ್ರೆಯ ಮಂಚದಲ್ಲಿ ಮಲಗಿ, ಮೇಲೆ ತೂಗುವ ಚೀಲವನ್ನು ನೋಡುತ್ತಾ, ಇವತ್ತಿನ ರಕ್ತ ಯಾರದ್ದು ಎಂದು ಅವಳು ಪ್ರತಿ ಸಲವೂ ಕೇಳುತ್ತಾಳೆ. ಚೀಲದ ಮೇಲೆ ಗುಂಪು, ನಂಬರು, ತಾರೀಖು ಇರುತ್ತವೆ. ಕೊಟ್ಟವರ ಹೆಸರು ಇರುವುದಿಲ್ಲ. ಉತ್ತರ ತೋಚದೆ ಒಂದು ದಿನ, ಹೆಸರು ಗೊತ್ತಿರುವ ಒಬ್ಬರ ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರ ಜೂನ್ 14ರಂದು, ಆಸ್ಟ್ರಿಯಾದ ವಿಯೆನ್ನಾ ನಗರದ ಹತ್ತಿರ. ತಂದೆ ಪತ್ರಕರ್ತರು. ಮಗನಿಗೆ ಆರು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಒಬ್ಬರೇ ಬೆಳೆಸಿದರು. ಆ ತಾಯಿಯ ಮೇಲೆ ಅವರಿಗಿದ್ದ ಪ್ರೀತಿ ಎಷ್ಟೆಂದರೆ, ಆಕೆ ತೀರಿಕೊಂಡ ನಂತರ ಆಕೆಯ ಮುಖದ ಅಚ್ಚನ್ನು ಕೊನೆಯವರೆಗೂ ಗೋಡೆಯ ಮೇಲೆ ಇಟ್ಟುಕೊಂಡಿದ್ದರು. 1891ರಲ್ಲಿ ವೈದ್ಯ ಪದವಿ ಮುಗಿಸಿದ ಮೇಲೆ ಅವರು ರೋಗಿಗಳನ್ನು ನೋಡುತ್ತಾ ಹಣ ಸಂಪಾದಿಸಲಿಲ್ಲ. ರಸಾಯನಶಾಸ್ತ್ರ ಕಲಿಯಲು ಹೊರಟರು. ಮರಳಿ ಬಂದು ವಿಯೆನ್ನಾ ವಿಶ್ವವಿದ್ಯಾಲಯದ ರೋಗಶಾಸ್ತ್ರ ವಿಭಾಗ ಸೇರಿದರು. ಅಲ್ಲಿ ಹತ್ತು ವರ್ಷಗಳಲ್ಲಿ ಮಾಡಿದ ಮರಣೋತ್ತರ ಪರೀಕ್ಷೆಗಳೇ 3,600ಕ್ಕೂ ಹೆಚ್ಚು.

ಆ ಕಾಲದಲ್ಲಿ ರಕ್ತ ಕೊಡುವುದೆಂದರೆ ಜೀವದ ಜೂಜು. 1667ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ಹುಡುಗನಿಗೆ ಕುರಿಮರಿಯ ರಕ್ತ ಕೊಟ್ಟಿದ್ದರು. ಅವನು ಬದುಕಿದ, ಮುಂದೆ ಇನ್ನೊಬ್ಬ ರೋಗಿ ಸತ್ತ, ಆ ಚಿಕಿತ್ಸೆಯೇ ನಿಂತುಹೋಯಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜೇಮ್ಸ್ ಬ್ಲಂಡೆಲ್, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಿಗೆ ಮನುಷ್ಯರ ರಕ್ತವನ್ನೇ ಕೊಟ್ಟರು. ಕೆಲವರು ಉಳಿದರು, ಕೆಲವರು ಸತ್ತರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಇಬ್ಬರ ರಕ್ತ ಬೆರೆಸಿದಾಗ ಕೆಲವೊಮ್ಮೆ ಗಂಟುಗಂಟಾಗುವುದನ್ನು ಹಲವರು ನೋಡಿದ್ದರು. ಅದು ಕಾಯಿಲೆಯಿಂದ ಆಗುತ್ತದೆ ಎಂದುಕೊಂಡಿದ್ದರು.

ಲ್ಯಾಂಡ್‌ಸ್ಟೈನರ್ ಮಾಡಿದ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಮಾಡುವಷ್ಟೇ ಸರಳ. ತಮ್ಮದೂ ಸೇರಿಸಿ ಆರು ಮಂದಿ ಆರೋಗ್ಯವಂತ ಗಂಡಸರ ರಕ್ತ ತೆಗೆದರು. ಕೆಂಪು ಕಣಗಳನ್ನೂ ಸೀರಮ್ಮನ್ನೂ ಬೇರೆ ಮಾಡಿದರು. ಒಬ್ಬೊಬ್ಬರ ಸೀರಮ್ಮಿಗೂ ಉಳಿದವರ ಕಣಗಳನ್ನು ಬೆರೆಸಿ, ಎಲ್ಲಿ ಗಂಟಾಯಿತು, ಎಲ್ಲಿ ಆಗಲಿಲ್ಲ ಎಂದು ಪಟ್ಟಿ ಬರೆದರು. ಆಗ ತಾನೇ ಹೆತ್ತ ತಾಯಂದಿರ ರಕ್ತವನ್ನೂ ಹೀಗೆಯೇ ನೋಡಿದರು. ಇವರು ಯಾರೂ ಕಾಯಿಲೆಯವರಲ್ಲ. ಆದರೂ ಗಂಟಾಗುತ್ತಿತ್ತು, ಅದೂ ಒಂದು ಕ್ರಮದಲ್ಲಿ. 1901ರಲ್ಲಿ ಅವರು ಮೂರು ಗುಂಪುಗಳನ್ನು ಪ್ರಕಟಿಸಿದರು: ಎ, ಬಿ, ಸಿ. ಸಿ ಎಂದದ್ದೇ ಮುಂದೆ ಒ ಆಯಿತು. ಅವರ ಸ್ವಂತ ರಕ್ತ ಆ ಗುಂಪಿನದು. ಎಬಿ ಗುಂಪನ್ನು ಮರುವರ್ಷ ಅವರ ಜೊತೆಯವರು ಕಂಡರು.

ಆ ಪಟ್ಟಿ ನೋಡುವಾಗ ನನಗೆ ಅನಿಸುವುದು ಇಷ್ಟು: ಕೈ ಚಾಚಿ ಸ್ವಲ್ಪ ರಕ್ತ ಕೊಟ್ಟ ಆ ಗೆಳೆಯರು, ಆ ಬಾಣಂತಿಯರು ಕೂಡ ನನ್ನ ಮಗಳ ದಾನಿಗಳೇ.

ಜಗತ್ತು ಇದನ್ನು ತಕ್ಷಣ ಗಮನಿಸಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟ್ಟೆನ್‌ಬರ್ಗ್ ರಕ್ತ ಹೊಂದುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ರೋಗಿಗೆ ಕೊಟ್ಟರು. 1914ರ ಹೊತ್ತಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ರಕ್ತ ಹೆಪ್ಪುಗಟ್ಟದಂತೆ ಇಡುವ ದಾರಿ ಸಿಕ್ಕಿತು. ಲ್ಯಾಂಡ್‌ಸ್ಟೈನರ್ ಅಷ್ಟರಲ್ಲಿ ಬೇರೆ ಕೆಲಸದಲ್ಲಿದ್ದರು. ಪೋಲಿಯೊದಿಂದ ಸತ್ತ ಮಗುವೊಂದರಿಂದ ಆ ರೋಗವನ್ನು ಕೋತಿಗಳಿಗೆ ದಾಟಿಸಿ, ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಎಂದು 1908ರ ಹೊತ್ತಿಗೆ ತೋರಿಸಿದರು.

ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಬದುಕುವುದೇ ಕಷ್ಟವಾಯಿತು. 1919ರಲ್ಲಿ ಹೆಂಡತಿ, ಪುಟ್ಟ ಮಗನೊಂದಿಗೆ ಹಾಲೆಂಡಿನ ಹೇಗ್ ನಗರಕ್ಕೆ ಹೋದರು. ಅಲ್ಲಿ ಒಂದು ಚಿಕ್ಕ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ. ಅದರ ನಡುವೆಯೂ ಸಂಶೋಧನೆ ಬಿಡಲಿಲ್ಲ. 1923ರಿಂದ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಾತು ಕಡಿಮೆ, ಪ್ರಚಾರವೆಂದರೆ ಹಿಂಜರಿಕೆ. ನಿವೃತ್ತಿಯ ನಂತರವೂ ಲ್ಯಾಬಿಗೆ ಹೋಗುತ್ತಿದ್ದರು. 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ನಾವು ಪಾಸಿಟಿವ್, ನೆಗೆಟಿವ್ ಎನ್ನುವುದು ಅದನ್ನೇ. 1943ರ ಜೂನ್‌ನಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಯಿತು. ಎರಡು ದಿನಗಳ ನಂತರ, 26ರಂದು ತೀರಿಕೊಂಡರು.

ನನ್ನ ಮಗಳದ್ದು ಬಿ ನೆಗೆಟಿವ್. ನಮ್ಮ ದೇಶದಲ್ಲಿ ನೆಗೆಟಿವ್ ರಕ್ತದವರು 100ರಲ್ಲಿ ಸುಮಾರು 5 ಮಂದಿ ಮಾತ್ರ. ಒಂದು ರಂಜಾನಿನಲ್ಲಿ ಅವಳ ದಿನ ಬಂದರೂ ರಕ್ತ ಸಿಗಲಿಲ್ಲ. ಉಪವಾಸವಿರುವುದರಿಂದ ಆ ತಿಂಗಳು ದಾನಿಗಳು ಕಡಿಮೆ. ಮೂರು ದಿನ ಕಾದೆವು. ಮಗಳು ಬಿಳಿಚಿಕೊಂಡು, ಮೆಟ್ಟಿಲು ಹತ್ತಲೂ ಆಗದೆ ಕುಳಿತುಬಿಡುತ್ತಿದ್ದಳು. ನಾಲ್ಕನೆಯ ಸಂಜೆ ಉಪವಾಸ ಬಿಟ್ಟ ಮೇಲೆ ಒಬ್ಬ ಯುವಕ ಬೈಕಿನಲ್ಲಿ ಬಂದು, ಸ್ವಲ್ಪ ಹೊತ್ತು ವಿಶ್ರಮಿಸಿ, ರಕ್ತ ಕೊಟ್ಟು ಹೋದ. ನಾನು ವಾರ್ಡಿನಿಂದ ಕೆಳಗೆ ಇಳಿಯುವಷ್ಟರಲ್ಲಿ ಅವನು ಹೊರಟಾಗಿತ್ತು. ಇಂಥವರು ಈವರೆಗೆ ನೂರಕ್ಕೂ ಹೆಚ್ಚು. ಅವರ ಊರು, ಜಾತಿ, ಮತ ಯಾವುದೂ ನನಗೆ ತಿಳಿಯದು. ಅವರಿಗೆ ಹೇಳಬೇಕಾದ ಕೃತಜ್ಞತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಯಾರಾದರೂ ನಿಮ್ಮ ಅಣ್ಣನೋ ಅಕ್ಕನೋ ಆಗಿರಬಹುದು.

ನಿಮಗೆ ಎರಡು ಮಾತು. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು. ನಿಮ್ಮಲ್ಲಿ ಹಲವರಿಗೆ ಆ ವಯಸ್ಸು ಆಗಿಲ್ಲ. ಈಗ ನಿಮ್ಮ ಗುಂಪು ತಿಳಿದುಕೊಳ್ಳಿ, ಮನೆಯ ಹಿರಿಯರಿಗೆ ಹೇಳಿ. ಎರಡನೆಯದು, ಗಂಡ ಹೆಂಡತಿ ಇಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮೊದಲು ಒಂದು ರಕ್ತ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ಇದನ್ನು ಪಾಠ ಮಾಡುತ್ತಿದ್ದ ನಾನೇ ಆ ಪರೀಕ್ಷೆ ಮಾಡಿಸಿರಲಿಲ್ಲ.

ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸುತ್ತಾರೆ. ಕಥೆ ಕೇಳಿದ ಮೇಲೂ ಮಗಳು ಚೀಲ ನೋಡಿ ಯಾರದ್ದು ಎಂದು ಕೇಳುವುದನ್ನು ಬಿಟ್ಟಿಲ್ಲ. ನಾನು ಈಗ ಸುಮ್ಮನಿರುವುದಿಲ್ಲ. ನಿನ್ನನ್ನು ನೋಡದೆಯೇ ನಿನಗಾಗಿ ಬಂದವರದ್ದು ಎನ್ನುತ್ತೇನೆ.