ಹೆನ್ರಿಯೆಟಾ ಲ್ಯಾಕ್ಸ್

ಅಮೇರಿಕಾ ದೇಶದ ವರ್ಜೀನಿಯಾ ಸಂಸ್ಥಾನಕ್ಕೆ ಸೇರಿದ ರೋನೋಕ್ ಪಟ್ಟಣದಲ್ಲಿ, 1920ನೆಯ ಇಸವಿ ಆಗಸ್ಟ್ 1ನೆಯ ತಾರೀಖು, ಆಫ್ರಿಕಾ ಮೂಲದ ಬಡ ಕುಟುಂಬವೊಂದರಲ್ಲಿ ಈಕೆಯು ಜನಿಸಿದಳು. ನಾಲ್ಕನೆಯ ವರುಷದಲ್ಲಿ ತಾಯಿಯನ್ನು ಕಳೆದುಕೊಂಡವಳನ್ನು ಕ್ಲೋವರ್ ಎಂಬ ಗ್ರಾಮದಲ್ಲಿ ಅಜ್ಜನು ಸಾಕಿದನು. ಹಿಂದೆ ಗುಲಾಮರು ವಾಸಿಸಿದ್ದ ಮರದ ಮನೆಯಲ್ಲಿ ಬೆಳೆದು, ಹೊಗೆಸೊಪ್ಪಿನ ಹೊಲದಲ್ಲಿ ದುಡಿದಳು. 1941ರಲ್ಲಿ ಡೇವಿಡ್ ಲ್ಯಾಕ್ಸನನ್ನು ವಿವಾಹವಾಗಿ, ಬಾಲ್ಟಿಮೋರ್ ನಗರದ ಸಮೀಪದಲ್ಲಿ ನೆಲಸಿದಳು. ಐದು ಮಕ್ಕಳ ತಾಯಿಯಾದಳು.

1951ನೆಯ ಜನವರಿಯಲ್ಲಿ, ಒಡಲಿನಲ್ಲಿ ಗಂಟೊಂದಿರುವಂತೆ ತೋರಲು, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಕರಿಯರಿಗೆ ಬೇರೆ ವಾರ್ಡುಗಳಿದ್ದ ಕಾಲವದು. ವೈದ್ಯರು ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತುಮಾಡಿ ರೇಡಿಯಂ ಚಿಕಿತ್ಸೆಯನ್ನು ಕೊಟ್ಟರು. ಆಗಲೇ, ಆಕೆಗೆ ತಿಳಿಸದೆ, ಗಂಟಿನ ಚೂರೊಂದನ್ನು ತೆಗೆದು ಡಾಕ್ಟರ್ ಜಾರ್ಜ್ ಗೈ ಅವರ ಪ್ರಯೋಗಶಾಲೆಗೆ ಕಳುಹಿಸಿದರು. ಅಕ್ಟೋಬರ್ 4ನೆಯ ತಾರೀಖು, 31ನೆಯ ವಯಸ್ಸಿನಲ್ಲಿ, ಆಕೆಯು ತೀರಿಕೊಂಡಳು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ.

ಆ ಚೂರಾದರೋ ಸಾಯಲಿಲ್ಲ. ಅದುವರೆಗೆ ಮನುಷ್ಯರ ಜೀವಕೋಶಗಳು ಗಾಜಿನ ಕೊಳವೆಯಲ್ಲಿ ಹೆಚ್ಚುಕಾಲ ಬದುಕುತ್ತಿರಲಿಲ್ಲ. ಇವು ಸುಮಾರು 24 ಗಂಟೆಗೊಮ್ಮೆ ಇಮ್ಮಡಿಯಾದವು. ಹೀಲಾ ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿ, ಪೋಲಿಯೋ ಲಸಿಕೆಯ ಪರೀಕ್ಷೆಗೂ ಒದಗಿದವು.

ಇದರ ಕಾರಣವು ಬಹುಕಾಲದ ಮೇಲೆ ತಿಳಿಯಿತು. ಆರೋಗ್ಯವುಳ್ಳ ಜೀವಕೋಶದಲ್ಲಿ 46 ವರ್ಣತಂತುಗಳಿರುವಲ್ಲಿ, ಹೀಲಾದಲ್ಲಿ ಸಾಮಾನ್ಯವಾಗಿ 76ರಿಂದ 80 ಇವೆ. ಪ್ಯಾಪಿಲೋಮಾ ವೈರಸ್ಸಿನ 18ನೆಯ ಬಗೆಯು 8ನೆಯ ವರ್ಣತಂತುವನ್ನು ಹೊಕ್ಕು, ಬೆಳವಣಿಗೆಯ ಜೀನೊಂದನ್ನು ಕೆರಳಿಸಿತ್ತು. ಈ ವೈರಸ್ಸಿನ ಎರಡು ಪ್ರೋಟೀನುಗಳು ಕೋಶದ ಕಾವಲನ್ನು ಮುರಿಯುತ್ತವೆ. ಕಾವಲು ತಪ್ಪಿದ ಕೋಶವು ಎರಡಾಗುವಾಗ ವರ್ಣತಂತುಗಳನ್ನು ಸರಿಯಾಗಿ ಹಂಚಲಾರದು. ಲೆಕ್ಕದ ಮೊದಲ ಸಾಲು ತಪ್ಪಿದರೆ ಮುಂದಿನ ಸಾಲುಗಳೆಲ್ಲ ತಪ್ಪುವಂತೆ, ದೋಷದ ಮೇಲೆ ದೋಷವು ಕೂಡುತ್ತದೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ 3ನೆಯ ವರ್ಣತಂತುವಿನ ಉದ್ದ ತೋಳು ಅನೇಕ ವೇಳೆ ಹೆಚ್ಚುವರಿಯಾಗಿ ಕಾಣುವುದೂ ಇಂಥ ದೋಷವೇ. ಆದರೆ ಇವೆಲ್ಲ ಕೂಡಿಬರಲು ಸಾಮಾನ್ಯವಾಗಿ ಹಲವು ವರುಷಗಳು ಬೇಕು. ಆ ಅವಧಿಯೊಳಗೆ ಪರೀಕ್ಷಿಸಿದರೆ, ಕೆಡಲಾರಂಭಿಸಿದ ಕೋಶಗಳನ್ನು ತೆಗೆದುಹಾಕಿ ರೋಗವನ್ನೇ ತಪ್ಪಿಸಬಹುದು. ವೈರಸ್ಸಿನ ಈ ಪಾತ್ರವನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನವು ಬಂದಿತು. ಅದಕ್ಕೆ ಮುನ್ನ, 2006ರಲ್ಲಿಯೇ, ಹುಡುಗಿಯರಿಗೆ ಕೊಡತಕ್ಕ ಲಸಿಕೆಯು ಸಿದ್ಧವಾಗಿತ್ತು. ನಾಚಿಕೆಯಿಂದ ಸ್ತ್ರೀಯರು ಮುಚ್ಚಿಡುವ ಈ ಕಾಯಿಲೆಯ ಹೆಸರನ್ನು ನಾವು ಬೇಕೆಂದೇ ಬಿಡಿಸಿ ಬರೆದಿದ್ದೇವೆ.

ಆಕೆಯ ಹೆಸರನ್ನು ಮಾತ್ರ ಲೋಕವು ಬಹುಕಾಲ ತಪ್ಪಾಗಿ ಹೆಲೆನ್ ಲೇನ್ ಎಂದಿತು. ಕೋಶಗಳು ಬದುಕಿರುವ ಸಂಗತಿಯು ಮಕ್ಕಳಿಗೆ ತಿಳಿದದ್ದು 1970ರ ಈಚೆಗೆ. ಇದನ್ನು ನಾವು ಅನ್ಯಾಯವೆಂದೇ ಎಣಿಸುತ್ತೇವೆ. 2010ರಲ್ಲಿ ಕ್ಲೋವರಿನ ಆ ಸಮಾಧಿಯ ಮೇಲೆ, ಪುಸ್ತಕದ ಆಕಾರದ ಕಲ್ಲೊಂದನ್ನು ನಿಲ್ಲಿಸಲಾಯಿತು.